ಹುಮನಾಬಾದಿನಿಂದ ಕಲ್ಯಾಣಕ್ಕೆ

ಕಲ್ಯಾಣಕ್ಕೆ ನಾವು ಎಷ್ಟು ಸಲ ಹೋಗಿರುವೆವೋ ಲೆಕ್ಕವಿಟ್ಟಿಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಿಂದ ಮೊದಲ್ಗೊಂಡು ಬಸ್ಸಿನಲ್ಲಿ, ಲಾರಿಯಲ್ಲಿ, ಒಮ್ಮೆ ಜೋಳದ ಚೀಲಗಳ ಮೇಲೆ ಕುಳಿತು ಟ್ರ್ಯಾಕ್ಟರಿನಲ್ಲಿ ಹೋದದ್ದೂ ಉಂಟು. ಆ ಪ್ರಯಾಣಗಳೆಲ್ಲ ಒಂದರೊಳಗೊಂದು ಬೆರೆತುಹೋಗಿವೆ. 2023ರ ಕಾರ್ತಿಕ ಮಾಸದ ಒಂದು ಪ್ರಯಾಣ ಮಾತ್ರ ಹಾಗೆ ಬೆರೆಯದೆ ಉಳಿದಿದೆ. ಅಂದು ಕಂಡ ಗುಡಿ ಗೋಪುರಗಳಿಗಿಂತ ಹೆಚ್ಚಾಗಿ ನಮ್ಮ ನೆನಪಿನಲ್ಲಿ ನಿಂತಿರುವುದು ಒಂದು ಕಾರಿನ ಗೇರು. ವಾಚಕರು ಇದನ್ನು ಯಾತ್ರಾಲೇಖನವೆಂದು ಓದಿದರೂ ಸರಿ, ಕಾರಿನ ದುರಸ್ತಿಯ ವರದಿಯೆಂದು ಓದಿದರೂ ಸರಿ. ಈಗ ನಮ್ಮ ಸಮಾಜದ ಮನೆಮನೆಯ ಮುಂದೆಯೂ ಕಾರು ನಿಂತಿರುವುದರಿಂದ ಎರಡನೆಯ ಓದೂ ಪ್ರಯೋಜನಕ್ಕೆ ಬಂದೀತು.

ಪ್ರಯಾಣಕ್ಕೆ ಕಾರಣ ನಮ್ಮ ಹಿರಿಯಕ್ಕ. ಆಗ ಅವರಿಗೆ 78 ವರ್ಷ. 1953ರಲ್ಲಿ, ಎಂಟು ವರ್ಷದ ಹುಡುಗಿಯಾಗಿದ್ದಾಗ, ತಂದೆಯವರೊಡನೆ ಎತ್ತಿನ ಬಂಡಿಯಲ್ಲಿ ಕಲ್ಯಾಣಕ್ಕೆ ಹೋಗಿದ್ದರು. ಆಗ ಆ ಊರನ್ನು ಜನ ಕಲ್ಯಾಣಿ ಎನ್ನುತ್ತಿದ್ದರು. ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ನಾವು ಆ ಬಂಡಿಯ ಪ್ರಯಾಣದ ವೇಳೆಗೆ ಹುಟ್ಟಿಯೇ ಇರಲಿಲ್ಲ. ಅಕ್ಕನಿಂದ ಕೇಳಿ ಕೇಳಿ ಅದು ನಮ್ಮ ಕಣ್ಣಾರೆ ಕಂಡದ್ದೆಂಬಂತೆ ಆಗಿದೆ: ಬೆಳಗಿನ ಜಾವ ಅಚ್ಚಿಗೆ ಕೀಲೆಣ್ಣೆ ಸವರಿದ್ದು, ದಾರಿಯಲ್ಲಿ ಬುತ್ತಿ ಬಿಚ್ಚಿದ್ದು, ಸಂಜೆ ಸೂರ್ಯ ಮುಳುಗುವಾಗ ಕೆರೆಯ ನೀರೆಲ್ಲ ಕುಂಕುಮದ ಬಣ್ಣವಾದದ್ದು. ಮದುವೆಯಾಗಿ ಕಲಬುರಗಿ ಸೇರಿದ ಮೇಲೆ ಸಂಸಾರ, ಮಕ್ಕಳು, ಮೊಣಕಾಲು ನೋವು ಎಂದು ಎಪ್ಪತ್ತು ವರ್ಷ ಸಂದುಹೋದವು. "ಆ ಕೆರಿ ಮುಂದ ಇನ್ನೊಮ್ಮೆ ಹೊತ್ತು ಮುಳುಗೋದು ನೋಡಬೇಕು ತಮ್ಮಾ" ಎಂದು ಅವರು ಹೇಳಿದಾಗ ಇಲ್ಲವೆನ್ನುವುದು ಹೇಗೆ? ಅವರ ಮೊಮ್ಮಗ ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದ. ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ಮುಂದೆ ಆದ ಪೇಚಿಗೆ ಕಾರಿಗಿಂತ ನಾವೇ ಹೆಚ್ಚು ಹೊಣೆ.

ಕಲಬುರಗಿಯಿಂದ ಬೆಳಿಗ್ಗೆ ಹೊರಟೆವು. ಕಮಲಾಪುರದಲ್ಲಿ ಅಕ್ಕ ಆ ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣು ಕೊಂಡರು. ರಸ್ತೆಯ ಎರಡೂ ಕಡೆ ತೊಗರಿ ಹೂಬಿಟ್ಟು ಕಾಯಿಗಟ್ಟುತ್ತಿತ್ತು. ಹುಮನಾಬಾದು ನಾಲ್ಕು ದಿಕ್ಕಿನ ದಾರಿಗಳು ಕೂಡುವ ಊರು. ಬೀದರ-ಕಲಬುರಗಿ ರಸ್ತೆಯನ್ನು ಪುಣೆ-ಹೈದರಾಬಾದಿನ ಹೆದ್ದಾರಿ ಇಲ್ಲಿ ಅಡ್ಡ ಹಾಯುತ್ತದೆ. ಹಳಬರು ಇಂದಿಗೂ ನಂಬರ್ ಒಂಬತ್ತು ಎನ್ನುವ ಈ ಹೆದ್ದಾರಿಗೆ ಈಗಿನ ಸಂಖ್ಯೆ 65. 2017ರಲ್ಲಿ ಬೀದರ-ಕಲಬುರಗಿ ರೈಲುಮಾರ್ಗವೂ ತೆರೆಯಿತು.

ಮೊದಲು ಮಾಣಿಕನಗರಕ್ಕೆ ಹೋದೆವು. ಮಾಣಿಕಪ್ರಭುಗಳು 1817ರಲ್ಲಿ ಹುಟ್ಟಿದ್ದು ಕಲ್ಯಾಣದ ಬಳಿಯ ಲಾಡವಂತಿಯಲ್ಲಿ. ಸಮಾಧಿಸ್ಥರಾದದ್ದು 1865ರಲ್ಲಿ, ಇಲ್ಲಿ. ಎಲ್ಲ ಮತಗಳನ್ನೂ ಸಮನಾಗಿ ಕಾಣುವ ಸಕಲಮತ ಸಂಪ್ರದಾಯದ ಆ ಸ್ಥಾನಕ್ಕೆ ಹಿಂದೂ ಮುಸ್ಲಿಮರೆನ್ನದೆ ಜನ ಬರುತ್ತಾರೆ. ಊಟದ ತರುವಾಯ ಜಲಸಂಗ್ವಿಗೆ ಹೋಗಿ ಬಂದೆವು. ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯ ಮದನಿಕೆಯರನ್ನು ನೋಡಲು ಹೋಗುವವರು, ಅವರಲ್ಲೊಬ್ಬಳು ಕೈಯಲ್ಲಿ ಕಂಠ ಹಿಡಿದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯ ಶ್ಲೋಕವನ್ನು ಬರೆಯುತ್ತಿರುವುದನ್ನು ತಪ್ಪದೆ ನೋಡಬೇಕು. ಹೆಣ್ಣಿನ ಕೈಯಲ್ಲಿ ಬರವಣಿಗೆಯ ಕಡ್ಡಿಯನ್ನು ಆ ಶಿಲ್ಪಿ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕಂಡಿದ್ದ. ಅಕ್ಕ ಅವಳ ಮುಂದೆ ಬಹಳ ಹೊತ್ತು ನಿಂತರು. ಅವರನ್ನು ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು.

ಹುಮನಾಬಾದಿಗೆ ಮರಳಿ ವೀರಭದ್ರೇಶ್ವರನ ದರ್ಶನ ಮಾಡಿಕೊಂಡಾಗ ಗಂಟೆ ನಾಲ್ಕು. ಕಾರನ್ನು ಒಂದು ಇಕ್ಕಟ್ಟಾದ ಓಣಿಯಲ್ಲಿ ನಿಲ್ಲಿಸಿದ್ದರಿಂದ ಹಿಂದಕ್ಕೆ ತೆಗೆಯಬೇಕಾಗಿತ್ತು. ಹುಡುಗ ರಿವರ್ಸ್ ಗೇರು ಹಾಕಲು ಹೋದರೆ ಕರ್ರನೆ ಸದ್ದು. ಇನ್ನೊಮ್ಮೆ, ಮತ್ತೂ ಜೋರಾಗಿ ಕರ್ರ್. ಅಕ್ಕಪಕ್ಕದ ಅಂಗಡಿಯವರು ತಿರುಗಿ ನೋಡಿದರು.

"ಗೇರ್ ಬೀಳವಲ್ದು ಮುತ್ಯಾ" ಎಂದ.

"ಒತ್ತಾಯ ಮಾಡಿದರೆ ಎತ್ತೂ ಏಳುವುದಿಲ್ಲ, ಮೆಲ್ಲಗೆ ಹಾಕು. ಈಗಿನ ಹುಡುಗರ ಕೈಯೇ ಒರಟು" ಎಂದು ನಾವು ಗದರಿದೆವು. ಕಾರು ನಡೆಸಲು ಬಾರದ ನಾವು ಕೊಟ್ಟ ಬುದ್ಧಿವಾದವಿದು.

"ತಮ್ಮಾ, ಹುಡುಗಗ ಯಾಕ ಬೈತಿ? ಅವ ಅಲ್ಲೇನು ಬೇಕಂತ ಮಾಡ್ಲತ್ತಾನ?" ಎಂದರು ಅಕ್ಕ.

ಜನ ಸೇರಿದರು, ಸೇರಿದವರೆಲ್ಲ ವೈದ್ಯರಾದರು. ಹತ್ತಿರದಲ್ಲೇ ದುರಸ್ತಿ ಕೆಲಸ ಮಾಡುವವನೊಬ್ಬ ಬಂದು, ಕೋಲನ್ನು ಎರಡು ಸಲ ಅಲುಗಾಡಿಸಿ, ಗೇರುಪೆಟ್ಟಿಗೆಯನ್ನೇ ಇಳಿಸಬೇಕು, ಎರಡು ದಿನದ ಕೆಲಸ, ಹಲ್ಲುಗಳು ಹೋಗಿರಬೇಕು ಎಂದು ತೀರ್ಪು ಕೊಟ್ಟ. ಇನ್ನೊಬ್ಬರು ಬಾನೆಟ್ಟಿನೊಳಗಿನ ಎಣ್ಣೆಯ ಡಬ್ಬಿಯಲ್ಲಿ ಎಂಜಿನ್ ಆಯಿಲನ್ನು ಸುರಿದರೆ ಸರಿಹೋಗುತ್ತದೆಂದರು. ದೈವವಶಾತ್ ಅವರ ಬಳಿ ಎಂಜಿನ್ ಆಯಿಲ್ ಇರಲಿಲ್ಲ. ಅಷ್ಟರಲ್ಲಿ ಹುಡುಗ ಕ್ಲಚ್ಚಿನ ಪೆಡಲನ್ನು ಐದಾರು ಸಲ ಬಿಡದೆ ಒತ್ತಿ ಒತ್ತಿ ಹಾಕಿದಾಗ ಗೇರು ಸದ್ದಿಲ್ಲದೆ ಬಿದ್ದಿತು.

"ಇಲ್ಲೇ ಯಾರಿಗರೆ ತೋರಿಸಿ ನಾಳಿ ಹೋಗಮು ಮುತ್ಯಾ" ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಆದರೆ ಹೊತ್ತು ಇಳಿಯುತ್ತಿತ್ತು. ಕಲ್ಯಾಣ ಸುಮಾರು 30 ಕಿಲೋಮೀಟರು. ಈಗ ಹೊರಟರೆ ಸೂರ್ಯಾಸ್ತಕ್ಕೆ ಕೆರೆಯ ದಂಡೆಯಲ್ಲಿರಬಹುದೆಂದು ನಾವು ಮನಸ್ಸಿನಲ್ಲೇ ಲೆಕ್ಕ ಹಾಕಿದೆವು. "ಬಿದ್ದಿತಲ್ಲ, ಹೊರಡು" ಎಂದೆವು.

ಹೆದ್ದಾರಿಯಲ್ಲಿ ಕಾರು ಸರಾಗವಾಗಿ ಓಡಿತು. ಮೇಲಿನ ಗೇರಿಗೆ ಒಮ್ಮೆ ಬಿದ್ದ ಮೇಲೆ ಗೇರನ್ನು ಮುಟ್ಟುವ ಪ್ರಸಂಗವೇ ಇರಲಿಲ್ಲ. ನಮ್ಮ ಮಾತೇ ಸರಿಯಾಯಿತೆಂಬ ಸಣ್ಣ ಗರ್ವವೂ ನಮಗೆ ಬಂದಿತು. ರಾಜೇಶ್ವರದ ಹತ್ತಿರ ಹುಡುಗ ಮತ್ತೆ ಹೇಳಿದ: "ಮುಂದ ಕೆಂಪು ದೀಪ ಹತ್ತಿ ಆರ್ಲತ್ತದ ಮುತ್ಯಾ. ಬ್ರೇಕಿಂದು." ಕೈಬ್ರೇಕನ್ನು ಪೂರ್ತಿ ಇಳಿಸಿರಲಾರೆ ಎಂದೆವು. ಅವನು ಮುಟ್ಟಿ ನೋಡಿ, ಪೂರ್ತಿ ಇಳಿದಿದೆ ಎಂದ. ಏರು ಬಂದಾಗ ದೀಪ ಹತ್ತುತ್ತಿತ್ತು, ಸಮದಾರಿ ಬಂದಾಗ ಆರುತ್ತಿತ್ತು. ಹಳೆಯ ಕಾರು, ತಂತಿ ಸಡಿಲವಾಗಿರಬೇಕು ಎಂದು ನಾವೇ ಸಮಾಧಾನ ಹೇಳಿದೆವು. ಶಾಸನದ ಒಂದು ಅಕ್ಷರ ಮುಕ್ಕಾಗಿದ್ದರೆ ಅದರ ಮೇಲೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ಕಣ್ಣ ಮುಂದೆ ಹತ್ತಿದ ಕೆಂಪು ದೀಪವನ್ನು ಓದಲು ಮನಸ್ಸು ಮಾಡಲಿಲ್ಲ.

ಸಸ್ತಾಪುರ ಬಂಗ್ಲಾ ಎಂಬಲ್ಲಿ ಹೆದ್ದಾರಿಯನ್ನು ಬಿಟ್ಟು ಕಲ್ಯಾಣದ ದಾರಿ ಹಿಡಿಯಬೇಕು. ಅಲ್ಲಿಂದ ಊರು ಕೆಲವೇ ಕಿಲೋಮೀಟರು. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂದದ್ದರಿಂದ ಹುಡುಗ ಕಾರು ನಿಲ್ಲಿಸಿದ. ಟ್ರ್ಯಾಕ್ಟರು ದಾಟಿಹೋಯಿತು. ಒಂದನೆಯ ಗೇರು ಬೀಳಲಿಲ್ಲ. ಎರಡನೆಯದೂ ಇಲ್ಲ. ಪೆಡಲನ್ನು ಎಷ್ಟು ಸಲ ಒತ್ತಿದರೂ ಅದು ಕೆಳಗೆ ಹೋಗಿ ಮೇಲಕ್ಕೆ ಬಾರದೆ ಅಲ್ಲೇ ಕುಳಿತಿತು. ಹಿಂದೆ ಲಾರಿಗಳ ಹಾರ್ನು. ಕಿಟಕಿಯಲ್ಲಿ ಒಂದು ಲಾರಿಯ ಮೂತಿ ಅಕ್ಕನ ಮುಖಕ್ಕೆ ನಾಲ್ಕು ಮೊಳ ದೂರದಲ್ಲಿ ಬಂದು ನಿಂತದ್ದನ್ನು ನಾವು ಮರೆಯೆವು. ಮೊಣಕಾಲು ನೋವಿನ ಅವರನ್ನು ಆ ರಸ್ತೆಯ ನಡುವೆ ಇಳಿಸುವಂತಿಲ್ಲ, ಕೂರಿಸಿಕೊಂಡಿರುವಂತೆಯೂ ಇಲ್ಲ. ಹುಡುಗ ನಾಲ್ಕೂ ಸೂಚಕ ದೀಪಗಳನ್ನು ಹಾಕಿ, ಕೋಲನ್ನು ನ್ಯೂಟ್ರಲ್ಲಿಗೆ ತಂದು ಕೆಳಗಿಳಿದ. ಚಹದಂಗಡಿಯಿಂದ ಐದಾರು ಜನ ಓಡಿಬಂದರು. ಅಕ್ಕನನ್ನು ಕೂರಿಸಿಕೊಂಡೇ ಕಾರನ್ನು ನೂಕಿ ಬದಿಗೆ ತಂದರು. ಅವರು ಯಾರು, ಯಾವ ಊರಿನವರು, ಕೇಳುವಷ್ಟರಲ್ಲಿ ಮರಳಿ ಚಹಕ್ಕೆ ಕುಳಿತಿದ್ದರು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೀಗೆ ಸಿಕ್ಕಿಕೊಂಡವರು 1033 ಎಂಬ ಸಂಖ್ಯೆಗೆ ಫೋನು ಮಾಡಿದರೆ ನೆರವು ದೊರೆಯುತ್ತದೆ. ಆ ಸಂಖ್ಯೆ ನಮಗೆ ತಿಳಿದದ್ದು ಆಮೇಲೆ.

ಒಂದು ಪುಣ್ಯ. ಕೆಡುವುದಾದರೆ ಕಾರು ಕೆಡಬೇಕಾದದ್ದು ಸಸ್ತಾಪುರ ಬಂಗ್ಲಾದಲ್ಲೇ. ಲಾರಿಗಳಿಗೆ ಬಾಡಿ ಕಟ್ಟುವ, ಹಳೆಯವನ್ನು ಬಿಚ್ಚುವ, ಕೆಟ್ಟವನ್ನು ನೆಟ್ಟಗೆ ಮಾಡುವ ಕೆಲಸಕ್ಕೆ ಆ ಜಾಗ ಹೆಸರಾದುದು. ಬೆಸುಗೆಯ ಕಿಡಿ, ಸುತ್ತಿಗೆಯ ಸದ್ದು, ಸುಟ್ಟ ಎಣ್ಣೆಯ ವಾಸನೆ. ಹುಡುಗ ಹೋಗಿ ಒಬ್ಬ ಮಿಸ್ತ್ರಿಯನ್ನು ಕರೆತಂದ. ಐವತ್ತರ ವಯಸ್ಸು, ಅವನ ಹಿಂದೆ ಪಾನಾಗಳ ಡಬ್ಬಿ ಹಿಡಿದು ಉಸ್ತಾದ್ ಉಸ್ತಾದ್ ಎನ್ನುತ್ತ ಒಬ್ಬ ಎಳೆಯ.

ಮಿಸ್ತ್ರಿ ಏನನ್ನೂ ಬಿಚ್ಚಲಿಲ್ಲ. ಮೊದಲು ಕೇಳಿದ.

"ಗಾಡಿ ಚಾಲು ಇದ್ದಾಗ ಗೇರ್ ಬೀಳವಲ್ದೋ, ಬಂದ್ ಇದ್ದಾಗೂ ಬೀಳವಲ್ದೋ?"

ಹುಡುಗ ನಮ್ಮ ಮುಖ ನೋಡಿದ. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಹುಮನಾಬಾದಿನಲ್ಲಿ ಸೇರಿದ್ದ ಅಷ್ಟು ವೈದ್ಯರಲ್ಲಿ ಒಬ್ಬರೂ ಕೇಳಿರಲಿಲ್ಲ.

"ಬಂದ್ ಮಾಡ್ರಿ. ಈಗ ಹಾಕ್ರಿ."

ಎಂಜಿನ್ ನಿಲ್ಲಿಸಿ ಹಾಕಿದರೆ ಒಂದು, ಎರಡು, ಮೂರು, ರಿವರ್ಸು, ಎಲ್ಲವೂ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಬಿದ್ದವು.

"ಅಂದ್ರ ಗೇರ್‌ಬಾಕ್ಸ್ ಚಲೋ ಅದ. ಹೋಗಿದ್ದು ಕ್ಲಚ್" ಎಂದ. ಗೇರುಪೆಟ್ಟಿಗೆ ಇಳಿಸುವ ಎರಡು ದಿನದ ಕೆಲಸ ಅರ್ಧ ನಿಮಿಷದಲ್ಲಿ ಇಲ್ಲವಾಯಿತು.

ಈ ಒಂದು ಪರೀಕ್ಷೆಯ ಮರ್ಮವನ್ನು ಆ ಸಂಜೆ ಅವನೂ, ಆಮೇಲೆ ಪುಸ್ತಕಗಳೂ ನಮಗೆ ತಿಳಿಸಿದವು. ಎಂಜಿನ್ನು ಸದಾ ತಿರುಗುತ್ತಿರುತ್ತದೆ. ಅದರ ತಿರುಗುವಿಕೆಯನ್ನು ಗೇರುಪೆಟ್ಟಿಗೆಗೆ ಒಯ್ಯುವುದು ಎರಡು ಬಿಲ್ಲೆಗಳ ನಡುವೆ ಬಿಗಿಯಾಗಿ ಹಿಡಿಯಲ್ಪಟ್ಟ ಒಂದು ತಟ್ಟೆ. ಎಡಗಾಲಿನ ಪೆಡಲನ್ನು ಒತ್ತಿದಾಗ ಆ ಹಿಡಿತ ಬಿಡುತ್ತದೆ. ಒಳಗಿನ ಹಲ್ಲುಗಾಲಿಗಳು ಒಂದು ಕ್ಷಣ ಎಂಜಿನ್ನಿನ ಹಂಗಿಲ್ಲದೆ ನಿಲ್ಲುತ್ತವೆ. ಆಗ ಗೇರು ಬೀಳುತ್ತದೆ. ನಡೆಯುತ್ತಿರುವ ಎತ್ತಿನ ಹೆಗಲಿಗೆ ಬೇರೊಂದು ನೊಗ ಹೂಡಲಾಗದು, ಅರೆಕ್ಷಣವಾದರೂ ಅದು ನಿಲ್ಲಬೇಕು. ಪೆಡಲು ಒತ್ತಿದರೂ ಹಿಡಿತ ಪೂರ್ತಿ ಬಿಡದಿದ್ದರೆ, ತಿರುಗುತ್ತಿರುವ ಹಲ್ಲಿಗೆ ನಿಂತ ಹಲ್ಲನ್ನು ಒತ್ತಿದಂತಾಗಿ ಕರ್ರೆನ್ನುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಎಂಜಿನ್ ನಿಂತಾಗ ತಿರುಗುವುದು ಯಾವುದೂ ಇಲ್ಲವಾದ್ದರಿಂದ ಸಲೀಸಾಗಿ ಬೀಳುತ್ತದೆ. ಹೀಗಾಗಿ ದೋಷ ಕೈಗೆ ಕಾಣಿಸಿದರೂ ಇರುವುದು ಕಾಲಿನ ಕಡೆ. ಅದಕ್ಕೆ ಬದಲಾಗಿ ಎಂಜಿನ್ ನಿಂತಾಗಲೂ ಬೀಳದಿದ್ದರೆ, ಆಗ ಕೋಲಿನಿಂದ ಪೆಟ್ಟಿಗೆಗೆ ಹೋಗುವ ಕಡ್ಡಿ, ಕೇಬಲ್ಲು, ಬುಷ್ಷುಗಳನ್ನು ನೋಡಬೇಕು. ಎಷ್ಟೋ ಸಲ ಒಂದು ಸವೆದ ಪ್ಲಾಸ್ಟಿಕ್ ಬುಷ್ಷು ಕಳಚಿಕೊಂಡಿರುತ್ತದೆ, ಅಷ್ಟೇ. ಅದೂ ಸರಿಯಿದ್ದರೆ ಮಾತ್ರ ಪೆಟ್ಟಿಗೆಯ ಮಾತು.

ಮೊದಲು ರಿವರ್ಸೇ ಏಕೆ ಕರ್ರೆಂದಿತು ಎಂದು ನಾವು ಕೇಳಿದೆವು. ಮುಂದಿನ ಗೇರುಗಳಿಗೆ ಹಿತ್ತಾಳೆಯ ಉಂಗುರಗಳಿರುತ್ತವೆ. ಹಲ್ಲು ಹಲ್ಲನ್ನು ಮುಟ್ಟುವ ಮೊದಲೇ ಅವು ಎರಡರ ವೇಗವನ್ನೂ ಸಮ ಮಾಡುತ್ತವೆ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1928ರಲ್ಲಿ ಬಂದ ಈ ಏರ್ಪಾಟಿಗೆ ಸಿಂಕ್ರೋಮೆಶ್ ಎಂದು ಹೆಸರು. ಅದಕ್ಕೂ ಮೊದಲಿನ ಚಾಲಕರು, ನಮ್ಮಲ್ಲಿ ಹಳೆಯ ಲಾರಿಯವರು ಕೂಡ, ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್ಚು ಒತ್ತಿ ಕಿವಿಯಿಂದಲೇ ವೇಗ ಹೊಂದಿಸುತ್ತಿದ್ದರು. ಅನೇಕ ಕಾರುಗಳಲ್ಲಿ ರಿವರ್ಸಿಗೆ ಈ ಉಂಗುರವಿಲ್ಲ. ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂಬ ಸುದ್ದಿಯನ್ನು ಮೊದಲು ತರುವುದು ಆದ್ದರಿಂದ ರಿವರ್ಸೇ. ಹುಡುಗನ ಕೈ ಒರಟಾಗಿರಲಿಲ್ಲ.

ಎರಡನೆಯದಾಗಿ ಮಿಸ್ತ್ರಿ ಬಗ್ಗಿ ಕಾಲಡಿಯ ಚಾಪೆಯನ್ನು ಎಳೆದು ತೆಗೆದ. ಚಾಪೆ ಮಡಚಿ ಪೆಡಲಿನ ಅಡಿಗೆ ಸಿಕ್ಕಿದರೂ, ನೀರಿನ ಬಾಟಲಿ ಉರುಳಿ ಬಂದರೂ ಪೆಡಲು ತಳಮುಟ್ಟದೆ ಗೇರು ಬೀಳುವುದಿಲ್ಲವಂತೆ. ಅಂಥ ಕಾರುಗಳನ್ನು ತಾನು ಚಾಪೆ ಸರಿಸಿಯೇ ಕಳಿಸಿದ್ದೇನೆಂದು ನಕ್ಕ. ನಮ್ಮದರಲ್ಲಿ ಹಾಗಿರಲಿಲ್ಲ. ಪೆಡಲಿನ ಮೇಲ್ಭಾಗ ಒದ್ದೆಯಾಗಿದೆಯೋ ಎಂದು ಬೆರಳಾಡಿಸಿ ನೋಡಿದ; ಒಣಗಿತ್ತು. ಬಳಿಕ ಬಾನೆಟ್ಟು ಎತ್ತಿಸಿ ಬ್ರೇಕ್ ಎಣ್ಣೆಯ ಡಬ್ಬಿಗೆ ಬ್ಯಾಟರಿ ಹಿಡಿದ. ಕೆಳಗಿನ ಗೆರೆಗಿಂತಲೂ ಕೆಳಗೆ ಎಣ್ಣೆ ಇತ್ತು.

"ದೀಪ ಹತ್ತಿರಬೇಕಲ್ರಿ?"

ನಾವು ಉತ್ತರ ಕೊಡಲಿಲ್ಲ. ಹುಡುಗನೂ ನಮ್ಮ ಕಡೆ ನೋಡಲಿಲ್ಲ. ಅದು ಅವನ ದೊಡ್ಡತನ.

ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಎಣ್ಣೆಯ ಡಬ್ಬಿ ಒಂದೇ. ಕ್ಲಚ್ಚಿಗೆ ಹೋಗುವ ನಳಿಕೆಯನ್ನು ಸ್ವಲ್ಪ ಮೇಲೆ ಇಟ್ಟಿರುತ್ತಾರೆ; ಕ್ಲಚ್ಚಿನ ಕಡೆ ಸೋರಿದರೂ ಬ್ರೇಕಿಗೆ ಕೊಂಚ ಎಣ್ಣೆ ಉಳಿಯಲೆಂದು. ಏರಿನಲ್ಲಿ ಎಣ್ಣೆ ಒಂದು ಬದಿಗೆ ಸರಿದಾಗ ದೀಪ ಹತ್ತುತ್ತಿತ್ತು, ಸಮದಾರಿಯಲ್ಲಿ ಆರುತ್ತಿತ್ತು. ಸಡಿಲವಾದದ್ದು ತಂತಿಯಾಗಿರಲಿಲ್ಲ. ಸೋರುತ್ತಿದ್ದದ್ದು ಬ್ರೇಕಿನ ಕಡೆಯಿಂದಾಗಿದ್ದರೆ? ಕಾರು ತಯಾರಿಸಿದವರು ಇಟ್ಟ ಆ ಎರಡು ಬೆರಳಿನ ಎಣ್ಣೆಯನ್ನು ನೆಚ್ಚಿಕೊಂಡು ನಾವು ಹೆದ್ದಾರಿಯ ಲಾರಿಗಳ ನಡುವೆ ಬಂದಿದ್ದೆವು. ಮಿಸ್ತ್ರಿ ಗದರಲಿಲ್ಲ. ಕೈ ಒರೆಸಿಕೊಳ್ಳುತ್ತ ಇಷ್ಟೇ ಹೇಳಿದ: "ಕ್ಲಚ್ ಹೋದ್ರ ಗಾಡಿ ನಿಲ್ತದ ಅಪ್ಪಾರ. ಬ್ರೇಕ್ ಹೋದ್ರ ನಿಲ್ಲಂಗಿಲ್ಲ."

ಆಮೇಲೆ ಎಳೆಯ ಕಾರಿನಡಿಗೆ ಹೋದ. ಗೇರುಪೆಟ್ಟಿಗೆಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಸಿಲಿಂಡರು. ಪೆಡಲಿನ ಒತ್ತಡ ಎಣ್ಣೆಯ ಮೂಲಕ ಇಲ್ಲಿಗೆ ಬಂದು ಒಂದು ಕಡ್ಡಿಯನ್ನು ನೂಕುತ್ತದೆ, ಆ ಕಡ್ಡಿ ಕ್ಲಚ್ಚನ್ನು ಬಿಡಿಸುತ್ತದೆ. ಅದರ ರಬ್ಬರಿನ ಟೊಪ್ಪಿಗೆಯನ್ನು ಸರಿಸಿದೊಡನೆ ಎಣ್ಣೆ ತೊಟ್ಟಿಕ್ಕಿತು. ನಮ್ಮಿಂದ ಪೆಡಲು ಒತ್ತಿಸಿ ನೋಡಿದರು. ಬೆರಳಿನಗಲ ಸರಿಯಬೇಕಾದ ಕಡ್ಡಿ ಅಕ್ಕಿಕಾಳಿನಷ್ಟೂ ಸರಿಯಲಿಲ್ಲ. ಒಳಗಿನ ರಬ್ಬರ್ ಬಿಲ್ಲೆ ಸವೆದು ಎಣ್ಣೆ ಹೊರಗೆ ಹೋಗಿ, ಗಾಳಿ ಒಳಗೆ ಬಂದಿತ್ತು. ಎಣ್ಣೆಯನ್ನು ಹಿಂಡಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಸೋತುಹೋಗುತ್ತಿತ್ತು. ಹುಮನಾಬಾದಿನಲ್ಲಿ ಬಿಡದೆ ಒತ್ತಿದಾಗ ಸ್ವಲ್ಪ ಹೊತ್ತು ಕೆಲಸ ಮಾಡಿದ್ದು ರೋಗ ವಾಸಿಯಾಗಿ ಅಲ್ಲ, ಡಬ್ಬಿಯಿಂದ ಇನ್ನಷ್ಟು ಎಣ್ಣೆ ಇಳಿದು ಬಂದದ್ದರಿಂದ. ಸಿಲಿಂಡರು ಹೊರಗಿದ್ದದ್ದು ನಮ್ಮ ಭಾಗ್ಯ. ಕೆಲವು ಕಾರುಗಳಲ್ಲಿ ಅದು ಪೆಟ್ಟಿಗೆಯ ಒಳಗೇ ಇದ್ದು, ಆಗ ನಿಜವಾಗಿಯೂ ಪೆಟ್ಟಿಗೆಯನ್ನು ಇಳಿಸಬೇಕಾಗುತ್ತದಂತೆ.

ರಬ್ಬರಿನ ಕಿಟ್ಟು ಮತ್ತು ಎಣ್ಣೆ ತರಲು ಹುಡುಗ ಎಳೆಯನೊಡನೆ ಹೋದ. ಡಬ್ಬಿಯ ಮುಚ್ಚಳದ ಮೇಲೆ ಯಾವ ಎಣ್ಣೆ ಎಂದು ಅಚ್ಚಾಗಿರುತ್ತದೆ, ಡಾಟ್ 3 ಅಥವಾ ಡಾಟ್ 4. ಅದನ್ನೇ, ಮೊಹರು ಒಡೆಯದ ಡಬ್ಬಿಯಲ್ಲಿ ತರಬೇಕೆಂದು ಮಿಸ್ತ್ರಿ ಹೇಳಿ ಕಳಿಸಿದ. ಈ ಎಣ್ಣೆ ಗಾಳಿಯ ತೇವವನ್ನು ಹೀರಿ ಕೆಡುತ್ತದೆ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವನ್ನೂ ತಿನ್ನುತ್ತದೆ. ಹುಮನಾಬಾದಿನವರು ಹೇಳಿದಂತೆ ಎಂಜಿನ್ ಆಯಿಲ್ ಸುರಿದಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬಿ ಕ್ಲಚ್ಚಿನೊಡನೆ ಬ್ರೇಕೂ ಹೋಗುತ್ತಿತ್ತು ಎಂದು ಅವನು ಹೇಳಿದಾಗ ನಮಗೆ ಬೆವರು ಬಂದಿತು.

ಅಷ್ಟು ಹೊತ್ತು ಅವನು ಸುಮ್ಮನೆ ಕುಳಿತುಕೊಳ್ಳುವವನಲ್ಲ, ಬೇರೆ ಕಾರುಗಳ ಕಥೆ ಹೇಳಿದ. ಸಣ್ಣ ಕಾರುಗಳಲ್ಲಿ ಎಣ್ಣೆಯ ಬದಲು ಕೇಬಲ್ಲಿರುತ್ತದೆ. ಅದು ಹಿಗ್ಗಿದರೆ ತಿರುಪಿ ಬಿಗಿಸಬೇಕು, ಎಳೆ ಹರಿದಿದ್ದರೆ ಬದಲಿಸಬೇಕು. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳಲ್ಲಿ ಕ್ಲಚ್ಚಿನ ತಟ್ಟೆಯೇ ತುಕ್ಕಿಗೆ ಅಂಟಿಕೊಂಡು, ಪೆಡಲು ಸರಿಯಿದ್ದರೂ ಗೇರು ಬೀಳದೆ ಎಷ್ಟೋ ಜನ ಬಂದಿದ್ದರಂತೆ. ನಮ್ಮ ಬಂಧುಗಳ ಮಗನೊಬ್ಬ ಪುಣೆಯಲ್ಲಿ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರಿಟ್ಟುಕೊಂಡಿದ್ದಾನೆ. ಅದರ ಕೋಲು ಒಂದು ಬೆಳಿಗ್ಗೆ 'ಪಿ' ಅಕ್ಷರ ಬಿಟ್ಟು ಅಲುಗಲಿಲ್ಲವೆಂದು ಹಿಂದೊಮ್ಮೆ ಫೋನು ಮಾಡಿದ್ದು ನೆನಪಾಗಿ ಕೇಳಿದೆವು. ಮಿಸ್ತ್ರಿ ಕೇಳಿದ್ದು ಒಂದೇ: "ಬ್ರೇಕ್ ಒತ್ತಿದಾಗ ಹಿಂದಿನ ಲೈಟ್ ಹತ್ತಿತ್ತೇನ್ರಿ?" ಅಂಥ ಕಾರುಗಳಲ್ಲಿ ಬ್ರೇಕು ಒತ್ತಿದ್ದು ಕಾರಿಗೆ ತಿಳಿಯದ ಹೊರತು ಕೋಲಿನ ಬೀಗ ಬಿಡುವುದಿಲ್ಲ. ಹಿಂದಿನ ದೀಪ ಹತ್ತದಿದ್ದರೆ ಬ್ರೇಕಿನ ಸ್ವಿಚ್ಚೋ ಫ್ಯೂಸೋ ಹೋಗಿರುತ್ತದೆ, ಗೇರಿನದೇನೂ ತಪ್ಪಿರುವುದಿಲ್ಲ. ಆಮೇಲೆ ಪುಣೆಗೆ ಫೋನು ಮಾಡಿ ಕೇಳಿದರೆ, ಅವನದು ಸ್ವಿಚ್ಚೇ ಆಗಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುತ್ತಿದ್ದ ಮೇದರ ಕೇತಯ್ಯ, ಬಟ್ಟೆ ಮಡಿ ಮಾಡುತ್ತಿದ್ದ ಮಾಚಯ್ಯ ಇವರ ಮೇಲೆ ನಾವು ಎಷ್ಟು ವ್ಯಾಖ್ಯಾನಗಳನ್ನು ಮಾಡಿದ್ದೇವೆಯೋ! ನಮ್ಮ ಕೈ ಒಂದು ಪಾನಾ ಮುಟ್ಟಿದ್ದು ಮಾತ್ರ ಆ ಸಂಜೆಯೇ ಮೊದಲು, ಅದೂ ಎತ್ತಿಕೊಡಲು.

ಹೊಸ ರಬ್ಬರು ಕೂತ ಮೇಲೆ ನಳಿಕೆಯ ಗಾಳಿ ತೆಗೆಯುವ ಕೆಲಸ. ಅದಕ್ಕೆ ಪೆಡಲಿನ ಮೇಲೆ ಒಬ್ಬರು, ಕಾರಿನಡಿಯಲ್ಲಿ ಒಬ್ಬರು, ಡಬ್ಬಿಗೆ ಎಣ್ಣೆ ಹಾಕುತ್ತಿರಲು ಒಬ್ಬರು ಬೇಕು. ಹುಡುಗ ಎಣ್ಣೆ ಹಿಡಿದ, ಮಿಸ್ತ್ರಿ ಕೆಳಗೆ ಹೋದ, ಎಳೆಯ ಬ್ಯಾಟರಿ ಹಿಡಿದ. ಉಳಿದವರು ನಾವು. ಹೀಗೆ ಅರವತ್ತಾರನೆಯ ವಯಸ್ಸಿನಲ್ಲಿ ಧೋತರ ಎತ್ತಿ ಕಟ್ಟಿ ಚಾಲಕನ ಆಸನದಲ್ಲಿ ಕುಳಿತೆವು.

"ಒತ್ತ್ರಿ... ಬಿಡ್ರಿ... ಒತ್ತ್ರಿ... ಹಿಡೀರಿ, ಬಿಡಬ್ಯಾಡ್ರಿ!"

ನಾವು ಒತ್ತಿ ಹಿಡಿದಿರುವಾಗ ಕೆಳಗೆ ಅವನು ಒಂದು ಮೊಳೆಯನ್ನು ಸಡಿಲಿಸುತ್ತಿದ್ದ. ಎಣ್ಣೆಯೊಡನೆ ಗುಳ್ಳೆಗಳು ಪುಸ್ಸೆಂದು ಹೊರಬರುತ್ತಿದ್ದವು. ಬಿಗಿಮಾಡಿದ ಮೇಲೆ ಬಿಡಿರಿ ಎನ್ನುತ್ತಿದ್ದ. ಬಿಗಿಮಾಡುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ನಾವು ಒಮ್ಮೆ ಅವಸರಪಟ್ಟು ತೆಗೆದೆವು. ಮೊದಲಿನಿಂದ ಆರಂಭಿಸಬೇಕಾಯಿತು. ಹಿಂದಿನ ಸೀಟಿನಿಂದ ಅಕ್ಕ, "ತಮ್ಮಾ, ಅವ ಹೇಳಿದಾಗ ಅಷ್ಟೇ ಬಿಡು" ಎಂದರು. ಹುಡುಗ ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡು ನಕ್ಕದ್ದು ನಮಗೆ ಕಾಣಿಸಿತು. ಹತ್ತು ಹನ್ನೆರಡು ಸಲವಾದ ಮೇಲೆ ಗುಳ್ಳೆ ನಿಂತವು. ಪೆಡಲು ನಮ್ಮ ಅಂಗಾಲಿನ ಕೆಳಗೆ ಗಟ್ಟಿಯಾಗುತ್ತ ಬಂದದ್ದನ್ನು ನಾವು ಕಾಲಿನಿಂದಲೇ ಅರಿತೆವು. ಎಂಜಿನ್ ಚಾಲೂ ಮಾಡಿ ರಿವರ್ಸು ಹಾಕಿದರೆ ಸದ್ದೇ ಇಲ್ಲ.

ಮಿಸ್ತ್ರಿ ಅಷ್ಟಕ್ಕೆ ಬಿಡಲಿಲ್ಲ. ನಾಲ್ಕೂ ಚಕ್ರಗಳ ಬಳಿ ಬ್ಯಾಟರಿ ಹಿಡಿದು ಬ್ರೇಕಿನ ಕಡೆ ಸೋರಿಕೆ ಇಲ್ಲವೆಂದು ನೋಡಿದ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಸಿ, ಪೆಡಲು ಮೆಲ್ಲಗೆ ಇಳಿಯುತ್ತದೆಯೋ ಎಂದು ನೋಡಿದ. ಕೂಲಿ 400 ರೂಪಾಯಿ ಎಂದ; ನಾವು ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅಕ್ಕ ಕೊಟ್ಟ ಕಮಲಾಪುರದ ಬಾಳೆಹಣ್ಣನ್ನು ಮಾತ್ರ ಎಳೆಯನೊಡನೆ ಹಂಚಿಕೊಂಡು ತಿಂದ.

ಕಲ್ಯಾಣ ಮುಟ್ಟಿದಾಗ ರಾತ್ರಿ ಎಂಟು. ಊರ ಹೊರಗೆ 2012ರಲ್ಲಿ ನಿಲ್ಲಿಸಿದ 108 ಅಡಿಯ ಬಸವೇಶ್ವರ ಮೂರ್ತಿ ದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ನೇರವಾಗಿ ತ್ರಿಪುರಾಂತ ಕೆರೆಯ ಕಡೆಗೆ ಹೋಗಿ ದಂಡೆಯಲ್ಲಿ ಕಾರು ನಿಲ್ಲಿಸಿದೆವು. ಕುಂಕುಮದ ಬಣ್ಣವೆಲ್ಲಿ? ನೀರು ಕಪ್ಪಗೆ ಮಲಗಿತ್ತು. ದೂರದಲ್ಲಿ ಯಾರೋ ಹಚ್ಚಿಟ್ಟ ಕಾರ್ತಿಕದ ನಾಲ್ಕಾರು ದೀಪಗಳು ನೀರಿನಲ್ಲಿ ಅಲುಗುತ್ತಿದ್ದವು. ನಾವು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೊತ್ತು ಮೀರಿತೆಂದೆವು. ಅಕ್ಕ ಕಿಟಕಿಯ ಗಾಜು ಇಳಿಸಿ ಬಹಳ ಹೊತ್ತು ನೋಡಿದರು. "ಅಪ್ಪನ ಬಂಡಿಯ ಗಾಲಿ ಆ ದಿನ ದಾರಿಯಾಗ ಕಳಚಿತ್ತು. ಅವಾಗೂ ರಾತ್ರಿನೇ ಆಗಿತ್ತು ಮುಟ್ಟಿದಾಗ. ಹೊತ್ತು ಮುಳುಗೋದು ನೋಡಿದ್ದು ಮಾರನೇ ದಿನ" ಎಂದರು. ಈ ಗಾಲಿಯ ಸಂಗತಿಯನ್ನು ಅವರು ಎಂದೂ ನಮಗೆ ಹೇಳಿರಲಿಲ್ಲ.

ಆದ್ದರಿಂದ ಮರುದಿನವೂ ಉಳಿದೆವು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಶ್ರಮವನ್ನು ನೆನಪಿಸುವ ಅನುಭವ ಮಂಟಪ, ಅಕ್ಕನಾಗಮ್ಮನ ಗವಿ, ಪರುಷಕಟ್ಟೆ, 1657ರಲ್ಲಿ ಔರಂಗಜೇಬನ ಮುತ್ತಿಗೆ ಕಂಡ ಕೋಟೆ ಇವೆಲ್ಲವನ್ನೂ ನಮ್ಮ ವಾಚಕರು ಬಲ್ಲರು, ಇಲ್ಲಿ ಬಣ್ಣಿಸೆವು. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಕೆಲಸ ಆಗ ನಡೆದಿತ್ತು. ಅಕ್ಕ ಗವಿಯ ಮೆಟ್ಟಿಲುಗಳನ್ನು ಇಳಿಯಲಾರದೆ ಮೇಲೆಯೇ ಕುಳಿತರು. ಸಂಜೆ ಐದೂವರೆಗೆ ಕೆರೆಯ ದಂಡೆಗೆ ಹೋದೆವು. ಸೂರ್ಯ ಮುಳುಗಿತು. ನೀರು ಕೆಂಪಾಯಿತು, ಅಕ್ಕ ಹೇಳುತ್ತಿದ್ದಷ್ಟಲ್ಲ, ಆದರೂ ಕೆಂಪು.

ಮೂರನೆಯ ದಿನ ಬೆಳಿಗ್ಗೆ ಹೊರಡುವಾಗ ನಾವು ಮುಂದಿನ ಸೀಟಿನಲ್ಲಿ ಕುಳಿತು, ಹೊರಡು ಎನ್ನಲು ಬಾಯಿ ತೆರೆದೆವು. ಹುಡುಗ ಆಗಲೇ ಇಳಿದು ಬಾನೆಟ್ಟು ಎತ್ತಿದ್ದ. ಎಣ್ಣೆಯ ಡಬ್ಬಿ ನೋಡಿ, ಕಾರಿನಡಿಯ ನೆಲ ಒದ್ದೆಯಾಗಿದೆಯೋ ಎಂದು ಬಗ್ಗಿ ನೋಡಿ, ಬ್ರೇಕು ಕ್ಲಚ್ಚು ಎರಡನ್ನೂ ಒತ್ತಿ ನೋಡಿದ.

"ಎಣ್ಣಿ ಎಷ್ಟದ?" ಎಂದರು ಹಿಂದಿನಿಂದ ಅಕ್ಕ.

"ಮ್ಯಾಲಿನ ಗೆರಿಗಿ ಅದ ಆಯಿ."

"ಹಂಗಾರ ನಡಿ" ಎಂದರು.